ಮಗ್ಗದ ಎಳೆ ಕಡಿದಾಗ: ಗುಣಮಟ್ಟ, ಜ್ಞಾನ ಮತ್ತು ಹೊಸತನದ ಚರಿತ್ರೆ

ನಾವು ಬದುಕುತ್ತಿರುವ ಕಾಲವನ್ನು ಜ್ಞಾನಯುಗವೆಂದು ಕರೆಯುವುದು ವಾಡಿಕೆಯಾಗಿದೆ. ಕಾರ್ಖಾನೆ, ಬ್ಯಾಂಕು, ಆಸ್ಪತ್ರೆ, ಕಾಲೇಜು, ಎಲ್ಲಿ ಹೋದರೂ ಮೂರು ಮಾತುಗಳು ಕಿವಿಗೆ ಬೀಳುತ್ತವೆ: ಗುಣಮಟ್ಟ ನಿರ್ವಹಣೆ, ಜ್ಞಾನ ನಿರ್ವಹಣೆ ಮತ್ತು ಹೊಸತನ. ಎಂ.ಬಿ.ಎ. ತರಗತಿಗಳಲ್ಲಿ ಇವುಗಳನ್ನು ಮೂರು ಬೇರೆ ಬೇರೆ ಪಾಠಗಳಾಗಿ ಕಲಿಸಲಾಗುತ್ತದೆ. ವಿದ್ಯಾರ್ಥಿಗಳು ಮೂರಕ್ಕೂ ಬೇರೆ ಬೇರೆ ಟಿಪ್ಪಣಿ ಬರೆದು, ಪರೀಕ್ಷೆ ಮುಗಿದೊಡನೆ ಮರೆಯುತ್ತಾರೆ. ಆದರೆ ಚರಿತ್ರೆಯ ಪುಟಗಳನ್ನು ತಿರುವಿದರೆ ಈ ಮೂರೂ ಒಂದೇ ಬಳ್ಳಿಯ ಕಾಯಿಗಳೆಂಬುದು ತಿಳಿಯುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬೆಳೆಸಲು ಹೊರಟ ಸಂಸ್ಥೆಗಳು ಎಡವಿವೆ. ಮೂರನ್ನೂ ಜೊತೆಯಾಗಿ ಬೆಳೆಸಿದ ಸಂಸ್ಥೆಗಳು ಬಡತನದಿಂದಲೂ ಮೇಲೆದ್ದು ನಿಂತಿವೆ.

ಮೊದಲಿಗೆ ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಗುಣಮಟ್ಟ ನಿರ್ವಹಣೆ ಎಂದರೆ ತಯಾರಾದ ವಸ್ತುವನ್ನು ಕೊನೆಯಲ್ಲಿ ಪರೀಕ್ಷಿಸಿ ಕೆಟ್ಟದ್ದನ್ನು ಬಿಸಾಡುವುದಲ್ಲ. ಕೆಟ್ಟದ್ದು ಹುಟ್ಟುವ ಕಾರಣವನ್ನೇ ಹುಡುಕಿ ನಿವಾರಿಸುವುದು. ಜ್ಞಾನ ನಿರ್ವಹಣೆ ಎಂದರೆ ಕಂಪ್ಯೂಟರಿನಲ್ಲಿ ಕಡತಗಳನ್ನು ತುಂಬಿಡುವುದು ಮಾತ್ರವಲ್ಲ. ಒಬ್ಬನ ಅನುಭವ ಹತ್ತು ಜನರಿಗೆ ದಕ್ಕುವಂತೆ, ಆತ ಸಂಸ್ಥೆ ಬಿಟ್ಟು ಹೋದ ಮೇಲೂ ಅದು ಉಳಿಯುವಂತೆ ನೋಡಿಕೊಳ್ಳುವುದು. ಹೊಸತನವೆಂದರೆ ಯಾರೋ ಒಬ್ಬ ಮೇಧಾವಿಯ ತಲೆಯಲ್ಲಿ ಮಿಂಚಿದ ಮಿಂಚಲ್ಲ. ಹೊಸ ವಸ್ತು, ಹೊಸ ವಿಧಾನ ಅಥವಾ ಹೊಸ ಸೇವೆಯೊಂದು ಜನರ ಬಳಕೆಗೆ ಬಂದು ನಿಲ್ಲುವುದು. ಈ ಮೂರರ ಸಂಬಂಧವನ್ನು ತಿಳಿಯಲು ಜಪಾನಿನ ಒಂದು ಹಳ್ಳಿಯ ಮಗ್ಗದಿಂದ ಆರಂಭಿಸುವುದು ಉಚಿತ.

ಬಡಗಿಯ ಮಗನ ಮಗ್ಗ

ಸಕಿಚಿ ಟೊಯೋಡಾ 1867ರಲ್ಲಿ ಜಪಾನಿನ ಬಡ ಬಡಗಿಯೊಬ್ಬನ ಮಗನಾಗಿ ಹುಟ್ಟಿದರು. ಊರಿನ ಮನೆಗಳಲ್ಲಿ ಹೆಂಗಸರು ಕೈಮಗ್ಗದ ಮುಂದೆ ಪಡುತ್ತಿದ್ದ ಶ್ರಮವನ್ನು ಕಂಡಿದ್ದ ಅವರು ಮರದ ಮಗ್ಗವೊಂದನ್ನು ಸುಧಾರಿಸಿ 1891ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದ ಮೂರು ದಶಕಗಳ ಕಾಲ ಅದೇ ಮಗ್ಗವನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಸುಧಾರಿಸುತ್ತ ಬಂದರು. 1924ರಲ್ಲಿ ಸಿದ್ಧವಾದ ಅವರ ಸ್ವಯಂಚಾಲಿತ ಮಗ್ಗವು ನೂಲಿನ ಎಳೆ ಕಡಿದ ಕೂಡಲೇ ತಾನಾಗಿಯೇ ನಿಂತುಬಿಡುತ್ತಿತ್ತು.

ನೋಡಲು ಇದು ಸಣ್ಣ ಸಂಗತಿ. ಆದರೆ ಇದರೊಳಗೆ ದೊಡ್ಡ ವಿಚಾರವೊಂದಿದೆ. ಎಳೆ ಕಡಿದ ಮೇಲೂ ಮಗ್ಗ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಹಾಳಾಗುತ್ತದೆ. ಮಗ್ಗ ನಿಂತರೆ ಎಲ್ಲಿ ತೊಂದರೆಯಾಯಿತು ಎಂಬುದು ಆ ಕ್ಷಣದಲ್ಲೇ ಕಾಣುತ್ತದೆ. ಅಲ್ಲದೆ ಪ್ರತಿಯೊಂದು ಮಗ್ಗಕ್ಕೂ ಒಬ್ಬ ಕಾವಲುಗಾರ ಬೇಕಾಗುವುದಿಲ್ಲ. ಒಬ್ಬರೇ ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದು. ತಪ್ಪನ್ನು ಮುಚ್ಚಿಡದೆ ಕೂಡಲೇ ತೋರಿಸುವ ಯಂತ್ರವೇ ಉತ್ತಮ ಯಂತ್ರ ಎಂಬ ತತ್ವ ಹೀಗೆ ಹುಟ್ಟಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪೆನಿಯು ಈ ಮಗ್ಗದ ಪೇಟೆಂಟ್ ಹಕ್ಕಿಗೆ ಒಂದು ಲಕ್ಷ ಪೌಂಡ್ ಕೊಡಲು ಒಪ್ಪಿತು. ಜಗತ್ತಿಗೆಲ್ಲ ಮಗ್ಗ ಮಾರುತ್ತಿದ್ದ ದೇಶವೇ ಜಪಾನಿನಿಂದ ಮಗ್ಗದ ವಿದ್ಯೆಯನ್ನು ಕೊಂಡುಕೊಂಡದ್ದು ಆ ಕಾಲಕ್ಕೆ ಅಚ್ಚರಿಯ ಸುದ್ದಿ.

ಸಕಿಚಿಯವರ ಮಗ ಕಿಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗವನ್ನು ತೆರೆದರು. 1937ರಲ್ಲಿ ಟೊಯೋಟಾ ಮೋಟಾರ್ ಕಂಪೆನಿ ಸ್ಥಾಪನೆಯಾಯಿತು. ಮಗ್ಗದ ಪಾಠ ಮೋಟಾರಿಗೆ ಬಂದದ್ದು ಹೀಗೆ.

ಒಂದು ಪುಟದ ಟಿಪ್ಪಣಿ

ಇದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಂದು ಎಳೆ ಸಿದ್ಧವಾಗುತ್ತಿತ್ತು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿ ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿತ್ತು. ಅಲ್ಲಿದ್ದ ಭೌತವಿಜ್ಞಾನಿ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಸುಮಾರು ಒಂದು ಪುಟದ ಟಿಪ್ಪಣಿಯನ್ನು ಬರೆದು, ಅದರೊಡನೆ ಒಂದು ನಕ್ಷೆಯನ್ನು ಲಗತ್ತಿಸಿದರು. ಅದೇ ಮುಂದೆ ಜಗತ್ಪ್ರಸಿದ್ಧವಾದ ನಿಯಂತ್ರಣ ನಕ್ಷೆ. ಯಾವುದೇ ಕೆಲಸದಲ್ಲಿ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ, ಅದು ಸಹಜ. ಆದರೆ ಕೆಲವೊಮ್ಮೆ ಏರುಪೇರಿಗೆ ವಿಶೇಷ ಕಾರಣವೊಂದು ಇರುತ್ತದೆ. ಅದನ್ನು ಪತ್ತೆ ಹಚ್ಚಬೇಕು. ಇವೆರಡನ್ನು ಬೇರ್ಪಡಿಸಿ ನೋಡುವ ಉಪಾಯವನ್ನು ಶೂಹಾರ್ಟ್ ತೋರಿಸಿದರು. ಸಹಜ ಏರುಪೇರಿಗೆ ಕೆಲಸಗಾರನನ್ನು ಬೈಯುವುದು ಅನ್ಯಾಯ. ವಿಶೇಷ ಕಾರಣವಿದ್ದಾಗ ಸುಮ್ಮನಿರುವುದು ಅಲಕ್ಷ್ಯ. ಗುಣಮಟ್ಟ ಎಂಬುದು ಅಂದಿನಿಂದ ಊಹೆಯ ಮಾತಾಗಿ ಉಳಿಯದೆ ಅಳೆದು ತಿಳಿಯುವ ವಿಜ್ಞಾನವಾಯಿತು.

ಶೂಹಾರ್ಟ್ ಅವರ ವಿಚಾರಗಳನ್ನು ಮೈಗೂಡಿಸಿಕೊಂಡವರು ಎಡ್ವರ್ಡ್ಸ್ ಡೆಮಿಂಗ್. ಎರಡನೆಯ ಮಹಾಯುದ್ಧದಲ್ಲಿ ಸೋತು ಬೂದಿಯಾಗಿದ್ದ ಜಪಾನಿಗೆ ಅವರು 1947ರಲ್ಲಿ ಜನಗಣತಿಯ ಕೆಲಸಕ್ಕಾಗಿ ಮೊದಲು ಹೋದರು. 1950ರಲ್ಲಿ ಜಪಾನಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟವು ಅವರನ್ನು ಕರೆಸಿ ಉಪನ್ಯಾಸ ಮಾಲೆಯನ್ನು ಏರ್ಪಡಿಸಿತು. ಡೆಮಿಂಗ್ ಎಂಜಿನಿಯರುಗಳಿಗೆ ಮಾತ್ರ ಪಾಠ ಹೇಳಿ ಹಿಂತಿರುಗಲಿಲ್ಲ. ಕಂಪೆನಿಗಳ ಯಜಮಾನರನ್ನೂ ಸೇರಿಸಿ, ಗುಣಮಟ್ಟದ ಹೊಣೆ ಮೊದಲು ಮೇಲಿನವರದ್ದು ಎಂದು ವಿವರಿಸಿದರು. ಉಪನ್ಯಾಸಗಳ ಪುಸ್ತಕದಿಂದ ಬಂದ ಗೌರವಧನವನ್ನು ಅವರು ತೆಗೆದುಕೊಳ್ಳಲಿಲ್ಲ. ಆ ಹಣದಿಂದಲೇ 1951ರಲ್ಲಿ ಡೆಮಿಂಗ್ ಪ್ರಶಸ್ತಿ ಆರಂಭವಾಯಿತು. 1954ರಲ್ಲಿ ಜೋಸೆಫ್ ಜುರಾನ್ ಬಂದು ಆಡಳಿತದ ದೃಷ್ಟಿಯಿಂದ ಗುಣಮಟ್ಟದ ಪಾಠವನ್ನು ಮುಂದುವರಿಸಿದರು. 1962ರಲ್ಲಿ ಕವೊರು ಇಶಿಕಾವಾ ಅವರ ಮುಂದಾಳತ್ವದಲ್ಲಿ ಮೇಸ್ತ್ರಿಗಳಿಗಾಗಿಯೇ ಒಂದು ಪತ್ರಿಕೆ ಹೊರಬಂದಿತು. ಅದನ್ನು ಒಟ್ಟಾಗಿ ಕುಳಿತು ಓದಿ ಚರ್ಚಿಸುತ್ತಿದ್ದ ಕಾರ್ಮಿಕರ ಚಿಕ್ಕ ಗುಂಪುಗಳೇ ಗುಣಮಟ್ಟ ವೃತ್ತಗಳೆಂದು ಹೆಸರಾದವು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಮೆರಿಕದಲ್ಲಿ ತಜ್ಞರ ಕೈಯಲ್ಲಿದ್ದ ಗುಣಮಟ್ಟದ ವಿದ್ಯೆ ಜಪಾನಿನಲ್ಲಿ ಸಾಮಾನ್ಯ ಕಾರ್ಮಿಕನ ಕೈಗೆ ಬಂದಿತು. ಓದುವ ಗುಂಪು ಜ್ಞಾನ ಹಂಚುವ ಗುಂಪಾಯಿತು. ಜ್ಞಾನ ಹಂಚುವ ಗುಂಪು ಸುಧಾರಣೆಯನ್ನು ತರುವ ಗುಂಪಾಯಿತು.

ಸೋಲಿನಿಂದ ಕಲಿತವರು

1950ರಲ್ಲಿ ಟೊಯೋಟಾ ಮುಳುಗುವ ಸ್ಥಿತಿಯಲ್ಲಿತ್ತು. ಸಾಲ ತೀರಿಸಲಾಗದೆ ಕಾರ್ಮಿಕರನ್ನು ಕಡಿಮೆ ಮಾಡಬೇಕಾಯಿತು, ಮುಷ್ಕರ ನಡೆಯಿತು, ಹೊಣೆ ಹೊತ್ತು ಕಿಚಿರೊ ರಾಜೀನಾಮೆಯಿತ್ತರು. ಅದೇ ವರ್ಷ ಕುಟುಂಬದ ಕಿರಿಯ ಎಂಜಿನಿಯರ್ ಏಜಿ ಟೊಯೋಡಾ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಯನ್ನು ವಾರಗಟ್ಟಲೆ ಅಧ್ಯಯನ ಮಾಡಿದರು. ಫೋರ್ಡ್ ಒಂದೇ ದಿನದಲ್ಲಿ ತಯಾರಿಸುತ್ತಿದ್ದಷ್ಟು ವಾಹನಗಳಿಗೆ ಟೊಯೋಟಾಕ್ಕೆ ತಿಂಗಳುಗಳು ಬೇಕಾಗಿದ್ದವು. ಅಷ್ಟು ದೊಡ್ಡ ಯಂತ್ರಗಳನ್ನು ಕೊಳ್ಳಲು ಅವರಲ್ಲಿ ಹಣವಿರಲಿಲ್ಲ. ಆದರೆ ಹಣ ಬೇಡದ ಒಂದು ವಿಚಾರ ಅವರ ಕಣ್ಣಿಗೆ ಬಿತ್ತು. ಕಾರ್ಮಿಕರು ಸಲಹೆಗಳನ್ನು ಬರೆದು ಕೊಡುವ ಏರ್ಪಾಡು ಅದು. 1951ರಲ್ಲಿ ಟೊಯೋಟಾ ಅದನ್ನು ತನ್ನಲ್ಲಿ ಜಾರಿಗೆ ತಂದಿತು. ಮುಂದೆ ಇದೇ ಏರ್ಪಾಡಿನಿಂದ ವರ್ಷಕ್ಕೆ ಲಕ್ಷಗಟ್ಟಲೆ ಸಲಹೆಗಳು ಬರತೊಡಗಿದವು. ಅವುಗಳಲ್ಲಿ ಹೆಚ್ಚಿನವು ಒಂದು ಬೋಲ್ಟಿನ ಜಾಗ ಬದಲಿಸುವಂತಹ, ಒಂದು ಹೆಜ್ಜೆ ಉಳಿಸುವಂತಹ ಸಣ್ಣ ಸಲಹೆಗಳು. ಹನಿ ಹನಿ ಗೂಡಿದರೆ ಹಳ್ಳ ಎಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು.

ಮಗ್ಗದ ಗಿರಣಿಯಲ್ಲಿ ಕೆಲಸ ಆರಂಭಿಸಿ ಮೋಟಾರು ಕಂಪೆನಿಗೆ ಬಂದಿದ್ದ ತೈಚಿ ಓನೊ, ಎಳೆ ಕಡಿದಾಗ ನಿಲ್ಲುವ ಮಗ್ಗದ ತತ್ವವನ್ನು ಕಾರಿನ ಜೋಡಣೆ ಸಾಲಿಗೆ ಅಳವಡಿಸಿದರು. ತೊಂದರೆ ಕಂಡ ಯಾವ ಕಾರ್ಮಿಕನೂ ಹಗ್ಗವೊಂದನ್ನು ಎಳೆದು ಸಾಲನ್ನು ನಿಲ್ಲಿಸುವ ಅಧಿಕಾರವನ್ನು ಪಡೆದನು. ಸಾಲು ನಿಂತಾಗ ಯಾರು ಮಾಡಿದ್ದು ಎಂದು ಕೇಳುವ ಬದಲು ಏಕಾಯಿತು ಎಂದು ಐದು ಬಾರಿ ಕೇಳುವ ಪದ್ಧತಿಯನ್ನು ಅವರು ರೂಢಿಗೆ ತಂದರು. ಯಂತ್ರ ಏಕೆ ನಿಂತಿತು? ಫ್ಯೂಸ್ ಹೋಯಿತು. ಫ್ಯೂಸ್ ಏಕೆ ಹೋಯಿತು? ಭಾರ ಹೆಚ್ಚಾಯಿತು. ಭಾರ ಏಕೆ ಹೆಚ್ಚಾಯಿತು? ಎಣ್ಣೆ ಸಾಲದೆ ಬೇರಿಂಗ್ ಬಿಗಿಯಾಯಿತು. ಹೀಗೆ ಕೇಳುತ್ತ ಹೋದರೆ ಕೊನೆಗೆ ಸಿಗುವ ಉತ್ತರ ಫ್ಯೂಸ್ ಬದಲಿಸುವುದಲ್ಲ, ಎಣ್ಣೆಯ ಪಂಪಿಗೆ ಕಸ ಹೋಗದಂತೆ ಜಾಲರಿ ಹಾಕುವುದು. ಗುಣಮಟ್ಟದ ದೋಷವೊಂದು ಜ್ಞಾನವಾಗಿ, ಜ್ಞಾನ ಹೊಸ ಉಪಾಯವಾಗಿ ಮಾರ್ಪಡುವ ಬಗೆ ಇದು.

ಆದರೂ ದಾರಿ ಸುಗಮವಾಗಿರಲಿಲ್ಲ. 1957ರಲ್ಲಿ ಅಮೆರಿಕಕ್ಕೆ ಕಳುಹಿಸಿದ ಟೊಯೋಟಾದ ಮೊದಲ ಕಾರುಗಳು ಅಲ್ಲಿನ ಹೆದ್ದಾರಿಗಳ ವೇಗವನ್ನು ತಾಳಲಾರದೆ ಹೆಸರು ಕೆಡಿಸಿಕೊಂಡವು. ಸ್ವಲ್ಪ ಕಾಲದಲ್ಲೇ ಆ ಕಾರುಗಳ ಮಾರಾಟವನ್ನು ನಿಲ್ಲಿಸಬೇಕಾಯಿತು. ಆ ಸೋಲನ್ನು ಮರೆಮಾಚದೆ 1961ರಿಂದ ಕಂಪೆನಿಯುದ್ದಕ್ಕೂ ಸಮಗ್ರ ಗುಣಮಟ್ಟದ ಆಂದೋಲನವನ್ನು ಕೈಗೊಂಡು, 1965ರಲ್ಲಿ ಟೊಯೋಟಾ ಡೆಮಿಂಗ್ ಪ್ರಶಸ್ತಿಯನ್ನು ಪಡೆಯಿತು.

ಹೂವಿನಹಡಗಲಿಯಿಂದ ಹೆಂಚಿನ ಕುಲುಮೆಗೆ

ಈ ಚರಿತ್ರೆಯಲ್ಲಿ ಭಾರತದ ಪಾಲೂ ಇದೆಯೆಂಬುದು ಅನೇಕರಿಗೆ ತಿಳಿದಿಲ್ಲ. ಡೆಮಿಂಗ್ ಜಪಾನಿನಲ್ಲಿ ಉಪನ್ಯಾಸ ಕೊಡುವ ಮೊದಲೇ, 1947-48ರಲ್ಲಿ ಪಿ.ಸಿ. ಮಹಲನೋಬಿಸ್ ಅವರ ಆಹ್ವಾನದ ಮೇರೆಗೆ ಸ್ವತಃ ಶೂಹಾರ್ಟ್ ಭಾರತಕ್ಕೆ ಬಂದಿದ್ದರು. ಅದರ ಫಲವಾಗಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯು 1953ರಿಂದ ಮುಂಬಯಿ, ಬೆಂಗಳೂರು ಮೊದಲಾದ ನಗರಗಳಲ್ಲಿ ಗುಣಮಟ್ಟ ನಿಯಂತ್ರಣ ಘಟಕಗಳನ್ನು ತೆರೆಯತೊಡಗಿತು.

ಅದೇ ಸಂಸ್ಥೆಯಲ್ಲಿದ್ದ ಸಿ.ಆರ್. ರಾವ್ 1920ರಲ್ಲಿ ಇಂದಿನ ಕರ್ನಾಟಕದ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಅವರು 1940ರ ದಶಕದಲ್ಲಿ ಲಂಬಕೋನೀಯ ವ್ಯೂಹಗಳೆಂಬ ಗಣಿತ ರಚನೆಯನ್ನು ರೂಪಿಸಿದರು. ಹತ್ತಾರು ಅಂಶಗಳು ಒಂದು ಕೆಲಸದ ಮೇಲೆ ಪರಿಣಾಮ ಬೀರುವಾಗ ಸಾವಿರಾರು ಪ್ರಯೋಗಗಳನ್ನು ಮಾಡದೆ ಕೆಲವೇ ಪ್ರಯೋಗಗಳಿಂದ ಉತ್ತರ ಪಡೆಯುವ ದಾರಿ ಇದರಿಂದ ತೆರೆಯಿತು. ಜಪಾನಿನ ಗೆನಿಚಿ ತಗೂಚಿ 1954-55ರಲ್ಲಿ ಈ ಸಂಸ್ಥೆಗೆ ಅತಿಥಿ ಪ್ರಾಧ್ಯಾಪಕರಾಗಿ ಬಂದಿದ್ದರು. ಮುಂದೆ ಅವರ ಹೆಸರಿನಿಂದಲೇ ಪ್ರಸಿದ್ಧವಾದ ಗುಣಮಟ್ಟದ ವಿಧಾನದ ಬೆನ್ನೆಲುಬು ಇಂತಹ ವ್ಯೂಹಗಳೇ. ಸಿ.ಆರ್. ರಾವ್ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದು, ಅದೇ ವರ್ಷ ನೂರಾ ಎರಡನೆಯ ವಯಸ್ಸಿನಲ್ಲಿ ತೀರಿಕೊಂಡರು.

ತಗೂಚಿಯವರ ಚಿಂತನೆಗೆ ಒಂದು ಸರಳ ಉದಾಹರಣೆ ಇದೆ. 1953ರಲ್ಲಿ ಜಪಾನಿನ ಇನಾ ಟೈಲ್ ಕಂಪೆನಿಗೆ ಒಂದು ಸಮಸ್ಯೆ ಎದುರಾಯಿತು. ಕುಲುಮೆಯ ಶಾಖ ಎಲ್ಲ ಕಡೆ ಒಂದೇ ಸಮನಾಗಿಲ್ಲದ ಕಾರಣ ಹೆಂಚುಗಳ ಅಳತೆಯಲ್ಲಿ ವ್ಯತ್ಯಾಸ ಬರುತ್ತಿತ್ತು. ಹೊಸ ಕುಲುಮೆ ಕಟ್ಟಲು ಬಹಳ ಹಣ ಬೇಕು. ಕಂಪೆನಿಯವರು ಹಲವು ಅಂಶಗಳನ್ನು ಏಕಕಾಲಕ್ಕೆ ಬದಲಿಸಿ ಪ್ರಯೋಗ ಮಾಡಿ ನೋಡಿದಾಗ, ಮಣ್ಣಿಗೆ ಬೆರೆಸುವ ಸುಣ್ಣದ ಪ್ರಮಾಣವನ್ನು ಶೇಕಡಾ 1ರಿಂದ 5ಕ್ಕೆ ಏರಿಸಿದರೆ ಶಾಖದ ಏರುಪೇರು ಹೆಂಚನ್ನು ಬಾಧಿಸುವುದಿಲ್ಲ ಎಂಬುದು ಗೊತ್ತಾಯಿತು. ಸುಣ್ಣವು ಅಗ್ಗದ ವಸ್ತು. ಗುಣಮಟ್ಟದ ಹುಡುಕಾಟವೇ ಇಲ್ಲಿ ಹೊಸ ಆವಿಷ್ಕಾರಕ್ಕೆ ದಾರಿಯಾಯಿತು.

ಬೆಂಗಳೂರಿನ ಮಟ್ಟಿಗೆ ಇನ್ನೊಂದು ಹೆಮ್ಮೆಯ ಸಂಗತಿಯೂ ಇದೆ. ಇದೇ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಜ್ಞಾನ ನಿರ್ವಹಣೆ ಎಂಬ ಹೆಸರು ಪ್ರಚಾರಕ್ಕೆ ಬರುವ ದಶಕಗಳ ಮೊದಲೇ, ಬೇಕಾದವನಿಗೆ ಬೇಕಾದ ತಿಳಿವು ಬೇಕಾದ ಹೊತ್ತಿಗೆ ಸಿಗುವಂತೆ ಮಾಡುವುದು ಹೇಗೆ ಎಂಬುದನ್ನು ಅಲ್ಲಿ ಕಲಿಸಲಾಗುತ್ತಿತ್ತು. ಗುಣಮಟ್ಟದ ಬೀಜ, ಜ್ಞಾನದ ಬೀಜ ಎರಡೂ ನಮ್ಮ ನೆಲದಲ್ಲಿ ಬಿದ್ದಿದ್ದವು. ಆದರೂ ಬೆಳೆ ಜಪಾನಿನಷ್ಟು ಸೊಂಪಾಗಿ ಬರಲಿಲ್ಲ. ವಿದ್ಯೆ ತಜ್ಞರ ಕೊಠಡಿಯಿಂದ ಕಾರ್ಖಾನೆಯ ಅಂಗಳಕ್ಕೆ ಇಳಿದು ಬರಲು ಬಹಳ ಕಾಲ ಹಿಡಿಯಿತು. ಭಾರತದ ಕಂಪೆನಿಯೊಂದು, ಅಂದರೆ ಸುಂದರಂ ಕ್ಲೇಟನ್, ಮೊದಲ ಬಾರಿಗೆ ಡೆಮಿಂಗ್ ಪ್ರಶಸ್ತಿ ಪಡೆದದ್ದು 1998ರಲ್ಲಿ.

ಹೇಳಲಾಗದ ಅರಿವು

ಕಾರ್ಖಾನೆಯ ಜ್ಞಾನವೆಲ್ಲ ಪುಸ್ತಕದಲ್ಲಿ ಇರುವುದಿಲ್ಲ. ನಮ್ಮ ಮನೆಗಳಲ್ಲಿ ಅಜ್ಜಿಯ ಕೈರುಚಿ ಅಮ್ಮನಿಗೆ ಬಂದದ್ದು ಬರೆದಿಟ್ಟ ಪಟ್ಟಿಯಿಂದಲ್ಲ, ಪಕ್ಕದಲ್ಲಿ ನಿಂತು ನೋಡಿದ್ದರಿಂದ. ಇಂತಹ ಅರಿವನ್ನು ಚಿಂತಕ ಮೈಕೇಲ್ ಪೊಲಾನಿ 1950 ಮತ್ತು 60ರ ದಶಕಗಳಲ್ಲಿ ಮೌನಜ್ಞಾನವೆಂದು ಗುರುತಿಸಿದರು. ಈ ವಿಚಾರವನ್ನು ಸಂಸ್ಥೆಗಳಿಗೆ ಅನ್ವಯಿಸಿ, ಇಕುಜಿರೊ ನೊನಾಕಾ ಮತ್ತು ಹಿರೊತಾಕಾ ತಕೆಯುಚಿ 1995ರಲ್ಲಿ ಜ್ಞಾನ ಸೃಷ್ಟಿಸುವ ಕಂಪೆನಿಗಳ ಬಗ್ಗೆ ಪ್ರಸಿದ್ಧ ಗ್ರಂಥವನ್ನು ಬರೆದರು. ನೊನಾಕಾ 2025ರ ಜನವರಿಯಲ್ಲಿ ನಿಧನರಾದರು.

ಅವರು ಕೊಟ್ಟ ಉದಾಹರಣೆ ರೊಟ್ಟಿ ತಯಾರಿಸುವ ಯಂತ್ರದ್ದು. 1985ರಲ್ಲಿ ಒಸಾಕಾದ ಮತ್ಸುಶಿತಾ ಎಲೆಕ್ಟ್ರಿಕ್ ಕಂಪೆನಿ ಮನೆಬಳಕೆಯ ಬ್ರೆಡ್ ಯಂತ್ರವನ್ನು ತಯಾರಿಸಲು ಹೊರಟಿತ್ತು. ಎಷ್ಟು ಪ್ರಯತ್ನಿಸಿದರೂ ಹಿಟ್ಟು ಸರಿಯಾಗಿ ನಾದಿಕೊಳ್ಳುತ್ತಿರಲಿಲ್ಲ. ಆಗ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಉದ್ಯೋಗಿ ನಗರದ ಹೆಸರಾಂತ ಹೋಟೆಲಿನ ಮುಖ್ಯ ಬಾಣಸಿಗನ ಬಳಿ ಶಿಷ್ಯೆಯಾಗಿ ನಿಂತು ಕೆಲಸ ಕಲಿತರು. ಆತ ಹಿಟ್ಟನ್ನು ಬರಿದೇ ಎಳೆಯುತ್ತಿರಲಿಲ್ಲ, ತಿರುಚಿ ಎಳೆಯುತ್ತಿದ್ದ. ಅದು ಆತನಿಗೂ ಬಾಯಿಬಿಟ್ಟು ಹೇಳಲು ಬಾರದ ವಿದ್ಯೆ. ತನಾಕಾ ಅದನ್ನು ಕಂಡು ಎಂಜಿನಿಯರುಗಳಿಗೆ ವಿವರಿಸಿದರು. ಯಂತ್ರದ ಒಳಗೋಡೆಗೆ ಏಣುಗಳನ್ನು ಕೂರಿಸಿ ಅದೇ ಚಲನೆಯನ್ನು ತರಲಾಯಿತು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂದು ಜನಪ್ರಿಯವಾಯಿತು. ಗುಣಮಟ್ಟದ ಸಮಸ್ಯೆ ಪ್ರಶ್ನೆಯನ್ನು ಕೊಟ್ಟಿತು. ಬಾಣಸಿಗನ ಕೈಯಲ್ಲಿದ್ದ ಜ್ಞಾನ ಉತ್ತರವನ್ನು ಕೊಟ್ಟಿತು. ಎರಡೂ ಕೂಡಿದಾಗ ಹೊಸ ವಸ್ತು ಹುಟ್ಟಿತು.

ಟೊಯೋಟಾದ ಪ್ರಿಯಸ್ ಕಾರಿನ ಕಥೆಯೂ ಹೀಗೆಯೇ. 1993ರಲ್ಲಿ ಆರಂಭವಾದ ಈ ಯೋಜನೆಯ ಮುಖ್ಯ ಎಂಜಿನಿಯರ್ ತಕೇಶಿ ಉಚಿಯಮಾಡಾ ಬೇರೆ ಬೇರೆ ವಿಭಾಗಗಳ ತಜ್ಞರನ್ನು ಒಂದೇ ದೊಡ್ಡ ಕೋಣೆಯಲ್ಲಿ ಕೂರಿಸಿ ಗೋಡೆಯ ತುಂಬ ನಕ್ಷೆಗಳನ್ನು ಅಂಟಿಸಿದರು. ಮೊದಲ ಮಾದರಿ ಹಲವು ವಾರಗಳ ಕಾಲ ಅಲುಗಾಡಲೇ ಇಲ್ಲ. ಏಕೆ ಎಂದು ಕೇಳುತ್ತ ಹೋದರು. 1997ರ ಡಿಸೆಂಬರಿನಲ್ಲಿ ಪೆಟ್ರೋಲ್ ಮತ್ತು ವಿದ್ಯುತ್ ಎರಡರಿಂದಲೂ ಓಡುವ ಆ ಕಾರು ಮಾರಾಟಕ್ಕೆ ಬಂದಿತು. ಅಂತಹ ವಾಹನಗಳನ್ನು ಟೊಯೋಟಾ 2017ರ ಆರಂಭದ ಹೊತ್ತಿಗೆ ಒಂದು ಕೋಟಿಗೂ ಮಿಕ್ಕಿ ಮಾರಿತ್ತು.

ಅತಿಯಾದರೆ ಅಮೃತವೂ ವಿಷ

ಹಾಗಾದರೆ ಗುಣಮಟ್ಟದ ಬಿಗಿ ಹೆಚ್ಚಿದಷ್ಟೂ ಹೊಸತನ ಹೆಚ್ಚುತ್ತದೆಯೆ? ಇಲ್ಲ ಎನ್ನುತ್ತದೆ ಚರಿತ್ರೆ. ಅಮೆರಿಕದ 3ಎಂ ಕಂಪೆನಿಯಲ್ಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿಯಾಗಿ ಅಂಟದ ಅಂಟೊಂದನ್ನು ಕಂಡುಹಿಡಿದರು. ಅಂಟಿನ ಗುಣಮಟ್ಟದ ದೃಷ್ಟಿಯಿಂದ ಅದು ಸೋಲು. ಆದರೆ ಸಿಲ್ವರ್ ಅದರ ಬಗ್ಗೆ ಸಹೋದ್ಯೋಗಿಗಳಿಗೆ ಹೇಳುತ್ತಲೇ ಬಂದರು. ಅದನ್ನು ಕೇಳಿದ್ದ ಆರ್ಟ್ ಫ್ರೈ 1974ರಲ್ಲಿ, ಪುಸ್ತಕದಲ್ಲಿ ಗುರುತಿಗೆ ಇಡುವ ಚೀಟಿ ಜಾರದಿರಲು ಅದೇ ಅಂಟು ತಕ್ಕದ್ದೆಂದು ಕಂಡುಕೊಂಡರು. 1980ರಲ್ಲಿ ಅಮೆರಿಕದಾದ್ಯಂತ ಮಾರುಕಟ್ಟೆಗೆ ಬಂದ ಪೋಸ್ಟ್-ಇಟ್ ಚೀಟಿಗಳು ಇಂದು ಎಲ್ಲ ಕಚೇರಿಗಳಲ್ಲಿವೆ. ಸೋತ ಪ್ರಯೋಗದ ನೆನಪನ್ನು ಸಂಸ್ಥೆ ಉಳಿಸಿಕೊಂಡದ್ದೇ ಈ ಗೆಲುವಿನ ಗುಟ್ಟು.

ಅದೇ ಕಂಪೆನಿಗೆ 2001ರಲ್ಲಿ ಬಂದ ಹೊಸ ಮುಖ್ಯಸ್ಥ ಜೇಮ್ಸ್ ಮೆಕ್‌ನರ್ನಿ, ಸಿಕ್ಸ್ ಸಿಗ್ಮಾ ಎಂಬ ಕಟ್ಟುನಿಟ್ಟಿನ ಗುಣಮಟ್ಟ ಪದ್ಧತಿಯನ್ನು ಸಂಶೋಧನಾ ಪ್ರಯೋಗಾಲಯಕ್ಕೂ ಅನ್ವಯಿಸಿದರು. ಖರ್ಚು ಇಳಿಯಿತು, ಲಾಭ ಏರಿತು. ಆದರೆ ಹೊಸ ಕಲ್ಪನೆಗಳು ಬತ್ತುತ್ತಿವೆ ಎಂಬ ಕೂಗು ಎದ್ದಿತು. 2005ರಲ್ಲಿ ಅವರು ತೆರಳಿದ ಮೇಲೆ ಬಂದ ಜಾರ್ಜ್ ಬಕ್ಲಿ ಸಂಶೋಧನಾ ವಿಭಾಗದಲ್ಲಿ ಆ ಬಿಗಿಯನ್ನು ಸಡಿಲಿಸಿದರು. ತಿಳಿದ ಕೆಲಸವನ್ನು ತಪ್ಪಿಲ್ಲದೆ ಮಾಡುವುದು ಬೇರೆ, ತಿಳಿಯದ್ದನ್ನು ಹುಡುಕುವುದು ಬೇರೆ. ಮೊದಲನೆಯದಕ್ಕೆ ನಿಯಮ ಬೇಕು, ಎರಡನೆಯದಕ್ಕೆ ಅವಕಾಶ ಬೇಕು.

ನಮ್ಮ ನಾಡಿನ ಎಚ್.ಎಂ.ಟಿ.ಯ ಕಥೆಯನ್ನೂ ಇಲ್ಲಿ ನೆನೆಯಬೇಕು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸಾರ್ವಜನಿಕ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಎಸ್ಸೆಸ್ಸೆಲ್ಸಿ ಪಾಸಾದವರಿಗೆ, ಮದುಮಗನಿಗೆ, ನಿವೃತ್ತರಾಗುವ ಮೇಷ್ಟ್ರಿಗೆ ಎಚ್.ಎಂ.ಟಿ. ವಾಚು ಉಡುಗೊರೆಯಾಗುತ್ತಿದ್ದ ಕಾಲವೊಂದಿತ್ತು. ಗುಣಮಟ್ಟದ ಬಗ್ಗೆ ಯಾರ ದೂರೂ ಇರಲಿಲ್ಲ. ಆದರೆ 1969ರಲ್ಲೇ ಜಪಾನಿನ ಸೀಕೊ ಕ್ವಾರ್ಟ್ಜ್ ಕೈಗಡಿಯಾರವನ್ನು ಹೊರತಂದು ಜಗತ್ತಿನ ದಿಕ್ಕನ್ನೇ ಬದಲಿಸಿತ್ತು. ಎಚ್.ಎಂ.ಟಿ. ಕ್ವಾರ್ಟ್ಜ್ ಗಡಿಯಾರ ಮಾಡಿದರೂ ಕೀಲಿ ಕೊಡುವ ಗಡಿಯಾರವನ್ನೇ ನೆಚ್ಚಿಕೊಂಡು ಕುಳಿತಿತು. 1984ರಲ್ಲಿ ಸ್ಥಾಪನೆಯಾದ ಟೈಟನ್ ಕ್ವಾರ್ಟ್ಜ್ ಹಾಗೂ ವಿನ್ಯಾಸವನ್ನು ನಂಬಿ ಹೊರಟಿತು. ಎಚ್.ಎಂ.ಟಿ.ಯಲ್ಲಿ ಪಳಗಿದ ಕೆಲವರೂ ಅಲ್ಲಿಗೆ ಹೋದರು. ಜ್ಞಾನ ನಡೆದು ಹೋಯಿತು, ಕಟ್ಟಡ ಉಳಿಯಿತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸರಕಾರ ತೀರ್ಮಾನಿಸಿತು. ಉತ್ತಮ ಗುಣಮಟ್ಟವಿದ್ದರೂ ಹೊಸ ತಿಳಿವಳಿಕೆಗೆ ಬಾಗಿಲು ತೆರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಕಣ್ಣಮುಂದಿನ ಪಾಠ.

ಭಯವಿದ್ದಲ್ಲಿ ಜ್ಞಾನವಿಲ್ಲ

ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆ 1982ರಲ್ಲಿ ಮುಚ್ಚಿತ್ತು. ಪ್ರತಿದಿನ ಸುಮಾರು ಶೇಕಡಾ 20ರಷ್ಟು ಕಾರ್ಮಿಕರು ಗೈರುಹಾಜರಾಗುತ್ತಿದ್ದ, ಜಗಳಗಳಿಗೆ ಕುಖ್ಯಾತವಾಗಿದ್ದ ಕಾರ್ಖಾನೆ ಅದು. 1984ರಲ್ಲಿ ಟೊಯೋಟಾ ಜೊತೆಗೂಡಿ ಅದನ್ನು ಮತ್ತೆ ತೆರೆದಾಗ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಅದೇ ಹಳೆಯ ಕಾರ್ಮಿಕರು. ಅವರಲ್ಲಿ ನೂರಾರು ಮಂದಿಯನ್ನು ಜಪಾನಿಗೆ ಕಳುಹಿಸಿ ತರಬೇತಿ ಕೊಡಿಸಲಾಯಿತು. ಸಾಲನ್ನು ನಿಲ್ಲಿಸುವ ಹಗ್ಗ ಅವರ ಕೈಗೆ ಬಂದಿತು. ಕೆಲವೇ ಕಾಲದಲ್ಲಿ ಅಲ್ಲಿನ ಕಾರುಗಳ ಗುಣಮಟ್ಟ ಜಪಾನಿನ ಕಾರುಗಳಿಗೆ ಸರಿಸಾಟಿಯಾಯಿತು. ಜನ ಬದಲಾಗಿರಲಿಲ್ಲ, ಅವರ ಮಾತಿಗೆ ಸಿಕ್ಕ ಬೆಲೆ ಬದಲಾಗಿತ್ತು. ಆದರೆ ಈ ಪಾಠವನ್ನು ಜನರಲ್ ಮೋಟಾರ್ಸ್ ತನ್ನ ಇತರ ಕಾರ್ಖಾನೆಗಳಿಗೆ ಹರಡಲು ಬಹಳ ತಡಮಾಡಿತು. ಯಂತ್ರಗಳ ಚಿತ್ರ ತೆಗೆದುಕೊಂಡು ಹೋಗುವುದು ಸುಲಭ, ಪರಸ್ಪರ ನಂಬಿಕೆಯನ್ನು ಹೊತ್ತುಕೊಂಡು ಹೋಗುವುದು ಕಷ್ಟ.

ಸಂಸ್ಥೆಯಿಂದ ಭಯವನ್ನು ಹೊರಗಟ್ಟಬೇಕೆಂಬುದು ಡೆಮಿಂಗ್ ಅವರ ಹದಿನಾಲ್ಕು ಸೂತ್ರಗಳಲ್ಲಿ ಒಂದು. ಅದನ್ನು ಮರೆತರೆ ಗುರುವಿನ ಮನೆಯಲ್ಲೇ ಶಿಷ್ಯ ಸೋಲುತ್ತಾನೆ. 2009-10ರಲ್ಲಿ ಟೊಯೋಟಾ ಲಕ್ಷಾಂತರ ಕಾರುಗಳನ್ನು ದೋಷಕ್ಕಾಗಿ ಹಿಂದಕ್ಕೆ ಕರೆಸಬೇಕಾಯಿತು. ಕಂಪೆನಿಯ ಮುಖ್ಯಸ್ಥ ಅಕಿಯೊ ಟೊಯೋಡಾ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೋರಿ, ಬೆಳವಣಿಗೆಯ ವೇಗಕ್ಕೆ ತಕ್ಕಂತೆ ಜನರನ್ನು ತಯಾರು ಮಾಡಲಾಗಲಿಲ್ಲವೆಂದು ಒಪ್ಪಿಕೊಂಡರು. 2023ರ ಡಿಸೆಂಬರಿನಲ್ಲಿ ಟೊಯೋಟಾ ಒಡೆತನದ ದೈಹಾತ್ಸು ಕಂಪೆನಿ ವರ್ಷಗಳಿಂದ ಸುರಕ್ಷತಾ ಪರೀಕ್ಷೆಗಳಲ್ಲಿ ಅಕ್ರಮ ನಡೆಸಿದ್ದು ಬಯಲಾಯಿತು. ಕೆಲಸವನ್ನು ಗಡುವಿನೊಳಗೆ ಮುಗಿಸುವ ಒತ್ತಡದಲ್ಲಿ ಕೆಳಗಿನವರು ನಿಜವನ್ನು ಮೇಲಕ್ಕೆ ಹೇಳಲಾಗದೆ ಹೋದದ್ದು ಅದಕ್ಕೆ ಮುಖ್ಯ ಕಾರಣವೆಂದು ತನಿಖೆ ತಿಳಿಸಿತು.

ನಮ್ಮ ಬಿಡದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಕಂಪೆನಿಯ ಚರಿತ್ರೆಯಲ್ಲೂ ಎರಡು ಮುಖಗಳಿವೆ. 2000ದಲ್ಲಿ ಕ್ವಾಲಿಸ್ ವಾಹನವನ್ನು ಹೊರತಂದ ಈ ಕಂಪೆನಿ, 2007ರಲ್ಲಿ ಹಳ್ಳಿಗಾಡಿನ ಬಡ ವಿದ್ಯಾರ್ಥಿಗಳಿಗಾಗಿ ಎಸ್ಸೆಸ್ಸೆಲ್ಸಿಯ ನಂತರದ ತಾಂತ್ರಿಕ ತರಬೇತಿ ಸಂಸ್ಥೆಯನ್ನು ತೆರೆದು ಜಪಾನಿನ ವಿದ್ಯೆಯನ್ನು ಕನ್ನಡದ ಮಕ್ಕಳಿಗೆ ತಲುಪಿಸಿತು. ಅದೇ ಕಾರ್ಖಾನೆ 2006, 2014 ಮತ್ತು 2020ರಲ್ಲಿ ಮುಷ್ಕರ, ಬೀಗಮುದ್ರೆಗಳನ್ನೂ ಕಂಡಿತು. ಪದ್ಧತಿ ಎಷ್ಟೇ ಶ್ರೇಷ್ಠವಾಗಿದ್ದರೂ ಮಾಡುವವನಿಗೂ ಮಾಡಿಸುವವನಿಗೂ ನಡುವೆ ವಿಶ್ವಾಸವಿಲ್ಲದಿದ್ದರೆ ಅದು ಕುಂಟುತ್ತದೆ.

ನಮ್ಮ ಮುಂದಿರುವ ಕೆಲಸ

ಈ ಅನುಭವಗಳೆಲ್ಲ ನಿಧಾನವಾಗಿ ನಿಯಮಗಳ ರೂಪವನ್ನು ತಾಳಿವೆ. 1987ರಲ್ಲಿ ಬಂದ ಐಎಸ್‌ಒ 9000 ಗುಣಮಟ್ಟದ ಮಾನದಂಡಗಳಲ್ಲಿ ಜ್ಞಾನದ ಮಾತಿರಲಿಲ್ಲ. 2015ರ ಪರಿಷ್ಕರಣೆಯಲ್ಲಿ ಸಂಸ್ಥೆಯ ಜ್ಞಾನವನ್ನು ಗುರುತಿಸಿ ಕಾಪಾಡಿಕೊಳ್ಳಬೇಕೆಂಬ ಷರತ್ತು ಸೇರಿತು. 2018ರಲ್ಲಿ ಜ್ಞಾನ ನಿರ್ವಹಣೆಗೆ, 2019ರಲ್ಲಿ ನಾವೀನ್ಯ ನಿರ್ವಹಣೆಗೆ ಪ್ರತ್ಯೇಕ ಮಾನದಂಡಗಳು ಬಂದವು. ನೂರು ವರ್ಷಗಳ ಅನುಭವದ ನಂತರ ಜಗತ್ತು ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದೆ. ಆದರೆ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಗುಣಮಟ್ಟ ಬರುವುದಿಲ್ಲ, ಕಡತ ತುಂಬಿದ ಮಾತ್ರಕ್ಕೆ ಜ್ಞಾನ ಬರುವುದಿಲ್ಲ.

ಇದು ದೊಡ್ಡ ಕಂಪೆನಿಗಳಿಗಷ್ಟೇ ಸಂಬಂಧಿಸಿದ ವಿಷಯವೆಂದು ಭಾವಿಸಬಾರದು. ಮೂವತ್ತು ವರ್ಷ ಗಣಿತ ಕಲಿಸಿದ ಶಿಕ್ಷಕರು ನಿವೃತ್ತರಾದಾಗ ನಾವು ಹಾರ ಹಾಕಿ, ಶಾಲು ಹೊದಿಸಿ ಬೀಳ್ಕೊಡುತ್ತೇವೆ. ಮಕ್ಕಳು ಯಾವ ಲೆಕ್ಕದಲ್ಲಿ ಎಡವುತ್ತಾರೆ, ಅದನ್ನು ಯಾವ ಉದಾಹರಣೆಯಿಂದ ಬಿಡಿಸಿ ಹೇಳಬೇಕು ಎಂಬ ಅವರ ಅರಿವು ಅವರೊಡನೆಯೇ ಹೊರಟುಹೋಗುತ್ತದೆ. ಆ ಕೊನೆಯ ವರ್ಷ ಕಿರಿಯ ಶಿಕ್ಷಕರೊಬ್ಬರನ್ನು ಅವರ ತರಗತಿಯಲ್ಲಿ ಕೂರಿಸಿದರೆ ಅದು ಜ್ಞಾನ ನಿರ್ವಹಣೆ. ನಲವತ್ತು ಮಕ್ಕಳಲ್ಲಿ ಇಪ್ಪತ್ತೈದು ಮಂದಿ ಒಂದೇ ಪ್ರಶ್ನೆಯನ್ನು ತಪ್ಪಿಸಿದರೆ ಮಕ್ಕಳನ್ನು ಗದರಿಸದೆ ಪಾಠದ ವಿಧಾನವನ್ನು ಪರೀಕ್ಷಿಸಿದರೆ ಅದು ಗುಣಮಟ್ಟ ನಿರ್ವಹಣೆ. ಈ ಎರಡರಿಂದ ಹೊಸ ಬೋಧನಾ ಕ್ರಮವೊಂದು ಹುಟ್ಟಿದರೆ ಅದೇ ಹೊಸತನ. ಸಂಘದ ಒಂದು ಕಾರ್ಯಕ್ರಮ ವಿಫಲವಾದರೆ ಏಕೆಂದು ಬರೆದಿಟ್ಟು ಮುಂದಿನ ಸಮಿತಿಗೆ ಒಪ್ಪಿಸುವುದಕ್ಕೆ ಯಾವ ಹಣವೂ ಬೇಕಾಗಿಲ್ಲ. ಸ್ವಲ್ಪ ಧೈರ್ಯ ಬೇಕು.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ನಾಳೆ ನೀವು ಯಾವ ಕಚೇರಿಗೇ ಹೋಗಿ, ಕಾರ್ಖಾನೆಗೇ ಹೋಗಿ, ಅಲ್ಲಿ ಎಳೆ ಕಡಿಯುವ ದಿನ ಬಂದೇ ಬರುತ್ತದೆ. ಆಗ ಮಗ್ಗವನ್ನು ಓಡಿಸುತ್ತ ಹೋಗುವುದು ಸುಲಭ. ನಿಲ್ಲಿಸಿ ಏಕೆಂದು ಕೇಳುವುದು ಕಷ್ಟ. ಕೇಳುವವರಾಗಿ. ಮುಂದೊಂದು ದಿನ ನೀವೇ ಮೇಲಿನ ಕುರ್ಚಿಯಲ್ಲಿ ಕುಳಿತಾಗ, ಕೆಳಗಿನಿಂದ ಬಂದ ಕೆಟ್ಟ ಸುದ್ದಿಗೆ ಸಿಟ್ಟಾಗದೆ ಕಿವಿಗೊಡುವವರೂ ಆಗಿ. ಬಡಗಿಯ ಮಗನೊಬ್ಬ ಹಳ್ಳಿಯ ಮಗ್ಗದಿಂದ ಜಗತ್ತಿಗೆ ಪಾಠ ಕಲಿಸಿದ್ದು, ಹಡಗಲಿಯಲ್ಲಿ ಹುಟ್ಟಿದವರೊಬ್ಬರ ಗಣಿತ ಜಪಾನಿನ ಕಾರ್ಖಾನೆಗಳ ಅಂಗಳಕ್ಕೆ ತಲುಪಿದ್ದು ಚರಿತ್ರೆಯಲ್ಲಿ ನಡೆದ ಸಂಗತಿಗಳು. ಪ್ರಶ್ನೆ ಕೇಳಿ ಕಂಡದ್ದನ್ನು ಹಂಚಿಕೊಳ್ಳುವವರಿಗೆ ಆ ದಾರಿ ಇಂದಿಗೂ ತೆರೆದೇ ಇದೆ.